ಪುಟ್ಟ ಕಾರಿನಿಂದ ಪಂದ್ಯದ ಕಾರು

ಮೋಟಾರು ಪಂದ್ಯವೆಂದರೆ ಸಿರಿವಂತರ ವಿನೋದವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಇಂಗ್ಲೆಂಡಿನಲ್ಲಿ, ಪೆಟ್ರೋಲಿಗೂ ಸಕ್ಕರೆಗೂ ಪಡಿತರದ ಚೀಟಿ ಹಿಡಿದು ನಿಲ್ಲಬೇಕಾಗಿದ್ದ ದಿನಗಳಲ್ಲಿ, ಸಾಮಾನ್ಯ ಸಂಬಳದ ನೌಕರರೂ ಕಾಲೇಜು ವಿದ್ಯಾರ್ಥಿಗಳೂ ಮನೆಯ ಹಿಂದಿನ ಷೆಡ್ಡಿನಲ್ಲಿ ತಮ್ಮ ಪಂದ್ಯದ ಕಾರನ್ನು ತಾವೇ ಕಟ್ಟಿಕೊಂಡು ಸ್ಪರ್ಧೆಗೆ ಇಳಿದರು. ಅದು ಸಾಧ್ಯವಾದದ್ದು ಎರಡರಿಂದ. ಒಂದು, ಆಸ್ಟಿನ್ ಸೆವೆನ್ ಎಂಬ ಹಳೆಯ ಪುಟ್ಟ ಕಾರು. ಇನ್ನೊಂದು, ಅವರೇ ಕೂಡಿ ಬರೆದುಕೊಂಡ ಒಂದು ನಿಯಮಾವಳಿ. ಕಾರಿನ ಕಥೆಯನ್ನು ಹಲವರು ಬಲ್ಲರು. ನಿಯಮದ ಕಥೆಯೂ ಅಷ್ಟೇ ಸ್ವಾರಸ್ಯವಾದದ್ದೆಂದು ನನ್ನ ಎಣಿಕೆ.

ಹರ್ಬರ್ಟ್ ಆಸ್ಟಿನ್ ಎಂಬ ಉದ್ಯಮಿ 1922ರಲ್ಲಿ ಈ ಕಾರನ್ನು ಹೊರತಂದ. ಆತನ ಕಂಪನಿಯ ನಿರ್ದೇಶಕರಿಗೇ ಇಂಥ ಆಟಿಗೆಯಂಥ ಕಾರಿನಲ್ಲಿ ನಂಬಿಕೆಯಿರಲಿಲ್ಲ. ಆಸ್ಟಿನ್ ಹಟ ಬಿಡದೆ ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರ ಹುಡುಗನನ್ನು ತನ್ನ ಮನೆಗೇ ಕರೆಸಿಕೊಂಡು, ಬಿಲಿಯರ್ಡ್ಸ್ ಆಡುವ ಕೋಣೆಯಲ್ಲಿ ಕೂರಿಸಿ ನಕ್ಷೆ ಬರೆಸಿದ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 6 ಅಡಿ 3 ಅಂಗುಲ. ಎಂಜಿನ್ನಿನ ಗಾತ್ರ, ಮೊದಲ ಕೆಲವು ಕಾರುಗಳನ್ನು ಬಿಟ್ಟರೆ, 747 ಘನ ಸೆಂಟಿಮೀಟರು. ಶಕ್ತಿ ಸುಮಾರು 10 ಅಶ್ವಶಕ್ತಿ. ಮೊದಲ ವರ್ಷಗಳ ಕಾರಿನ ತೂಕ ಸುಮಾರು 360 ಕಿಲೋಗ್ರಾಂ. 1939ರವರೆಗೆ ಇಂಥವು 2,90,000ದಷ್ಟು ತಯಾರಾದವು. ಯುದ್ಧ ಮುಗಿಯುವ ಹೊತ್ತಿಗೆ ಇವುಗಳಲ್ಲಿ ಎಷ್ಟೋ ಕಾರುಗಳ ಮೈ ತುಕ್ಕು ಹಿಡಿದು ಮರದ ಚೌಕಟ್ಟು ಲಡ್ಡಾಗಿತ್ತು. ಆದರೆ ಎಂಜಿನ್ನು, ಗೇರು, ಹಿಂದಿನ ಅಚ್ಚು ಇನ್ನೂ ದುಡಿಯುವಂತಿದ್ದವು. ಬೆಲೆಯೋ ತೀರ ಅಗ್ಗ.

ಇಂಥ ಕಾರೊಂದನ್ನು ಕೊಂಡ ಮನುಷ್ಯ ಮೊದಲು ಏನು ಮಾಡಬೇಕು? ಎಂಜಿನ್ನಿಗೆ ಕೈಹಚ್ಚಬೇಕೆಂದು ನಾವು ನೀವು ಹೇಳುತ್ತೇವೆ. ಅನುಭವಿಗಳು ಹಾಗೆ ಮಾಡುತ್ತಿರಲಿಲ್ಲ. ಅವರು ಮೊದಲು ಮೈಯನ್ನು ಕಳಚಿ ಎಸೆಯುತ್ತಿದ್ದರು. ಇದರ ಲೆಕ್ಕ ಸುಲಭವಾದದ್ದು. ಕಾರು 360 ಕಿಲೋ, ಕೂತವನು 70 ಕಿಲೋ, ಒಟ್ಟು 430. ಬಾಗಿಲು, ಮಾಡು, ಗಾಜು, ಹಿಂದಿನ ಆಸನಗಳನ್ನೆಲ್ಲ ತೆಗೆದು ತೆಳ್ಳನೆಯ ಅಲ್ಯೂಮಿನಿಯಂ ತಗಡಿನ ಮೈ ಹೊದಿಸಿ 100 ಕಿಲೋ ಇಳಿಸಿದೆವೆನ್ನಿ. ಉಳಿದದ್ದು 330. ಈಗ ಅದೇ 10 ಅಶ್ವಶಕ್ತಿ, ಹಿಂದಿನ ತೂಕಕ್ಕೆ 13 ಅಶ್ವಶಕ್ತಿ ಮಾಡುತ್ತಿದ್ದ ಕೆಲಸವನ್ನು ಮಾಡುತ್ತದೆ. ಎಂಜಿನ್ನಿನ ಒಂದು ತಿರುಪನ್ನೂ ಮುಟ್ಟಿಲ್ಲ! ಇಷ್ಟೇ ಅಲ್ಲ. ಎಂಜಿನ್ನಿನ ಬಲ ಹೆಚ್ಚಿದರೆ ಕಾರು ಮುನ್ನುಗ್ಗುವುದಕ್ಕೆ ಮಾತ್ರ ಅನುಕೂಲ. ತೂಕ ಇಳಿದರೆ ಮುನ್ನುಗ್ಗುವುದಕ್ಕೂ ಅನುಕೂಲ, ತಿರುವಿನಲ್ಲಿ ಹಿಡಿತಕ್ಕೂ ಅನುಕೂಲ, ನಿಲ್ಲುವುದಕ್ಕೂ ಅನುಕೂಲ. ಟಯರೂ ಕಡಿಮೆ ಸವೆಯುತ್ತದೆ. ಬಡವನಿಗೆ ಇದು ಸಣ್ಣ ಮಾತಲ್ಲ.

ಮೈ ಕಳಚಿದಾಗ ಕಾಣುವುದು ಕಾರಿನ ಅಸ್ಥಿಪಂಜರ, ಎಂದರೆ ಚಾಸಿ. ಆಸ್ಟಿನ್ನಿನ ಚಾಸಿ ಮುಂದೆ ಕೂಡಿಕೊಂಡು ಹಿಂದಕ್ಕೆ ಅಗಲವಾಗುವ ಎರಡು ಉಕ್ಕಿನ ತೊಲೆಗಳು. ಪ್ರತಿ ತೊಲೆಯೂ ಕವುಚಿ ಹಾಕಿದ ದೋಣಿಯಂತೆ ಕೆಳಗೆ ತೆರೆದುಕೊಂಡಿದೆ. ತೆರೆದ ತೊಲೆಗೆ ಒಂದು ದೊಡ್ಡ ದೋಷವುಂಟು. ಮನೆಯಲ್ಲಿರುವ ಬೆಂಕಿಪೆಟ್ಟಿಗೆಯಿಂದಲೇ ಇದನ್ನು ತಿಳಿಯಬಹುದು. ಕಡ್ಡಿಗಳಿರುವ ಒಳತಟ್ಟೆಯನ್ನು ಹೊರಗೆ ಎಳೆದು ಎರಡು ತುದಿ ಹಿಡಿದು ತಿರುಚಿದರೆ ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ. ಅದನ್ನೇ ಹೊರಕವಚದೊಳಗೆ ತೂರಿಸಿ ತಿರುಚಲು ನೋಡಿ, ಬಹಳ ಮಟ್ಟಿಗೆ ಬಿಗಿಯಾಗಿ ನಿಲ್ಲುತ್ತದೆ. ಹಾಗೆಯೇ ಕಾರು ಕಟ್ಟುವವರು ತೊಲೆಯ ತೆರೆದ ಕೆಳಬದಿಗೆ ಉಕ್ಕಿನ ಪಟ್ಟಿಯನ್ನು ಬೆಸೆದು ಅದನ್ನು ನಾಲ್ಕು ಬದಿಯೂ ಮುಚ್ಚಿದ ಪೆಟ್ಟಿಗೆಯಾಗಿಸುತ್ತಿದ್ದರು. ಕೆಲವು ಕಿಲೋ ತೂಕ ಕೂಡುವುದು ನಿಜ. ಆದರೆ ಇಲ್ಲಿ ಮಾತ್ರ ತೂಕಕ್ಕೆ ಹೆದರಬಾರದು. ಚಾಸಿಯೇ ತಿರುಚಿಕೊಳ್ಳುತ್ತಿದ್ದರೆ ನಾಲ್ಕು ಗಾಲಿಗಳೂ ನಾಲ್ಕು ದಿಕ್ಕಿನ ಮಾತಾಡುತ್ತವೆ. ಚಾಲಕನು ಚುಕ್ಕಾಣಿ ತಿರುಗಿಸಿದ್ದಕ್ಕೂ ಕಾರು ಹೋಗುವುದಕ್ಕೂ ಸಂಬಂಧ ತಪ್ಪುತ್ತದೆ.

ಇನ್ನು ಕಮಾನುಗಳು. ಈ ಚಾಸಿ ಹಿಂದಿನ ಅಚ್ಚನ್ನು ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ಅದರ ಎರಡು ಬಾಲಗಳಿಂದ ಹೊರಟ ಕಮಾನುಪಟ್ಟೆಗಳು ಹಿಂದಕ್ಕೆ ಚಾಚಿ ಅಚ್ಚನ್ನು ಹಿಡಿದಿವೆ. ತಿರುವಿನಲ್ಲಿ ಕಾರು ವಾಲಿದಾಗ ಒಂದು ಬದಿಯ ಕಮಾನು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಬಾಗುತ್ತವೆ. ಪಟ್ಟೆ ಓರೆಯಾಗಿದ್ದರೆ ಬಾಗುವಾಗ ಅದರ ತುದಿ ಸ್ವಲ್ಪ ಹಿಂದೆ ಮುಂದೆಯೂ ಸರಿಯುತ್ತದೆ. ಒಂದು ಬದಿ ಹಿಂದೆ, ಇನ್ನೊಂದು ಬದಿ ಮುಂದೆ ಸರಿದರೆ ಅಚ್ಚೇ ಓರೆಯಾಗಿ, ಹಿಂದಿನ ಗಾಲಿಗಳು ತಾವೇ ಕಾರನ್ನು ತಿರುಗಿಸತೊಡಗುತ್ತವೆ. ಆಸ್ಟಿನ್ ಸೆವೆನ್ ತಿರುವಿನಲ್ಲಿ ಬಾಲ ಬೀಸುತ್ತದೆಂಬ ಅಪವಾದಕ್ಕೆ ಮುಖ್ಯ ಕಾರಣ ಇದೇ. ಕಮಾನಿನ ಬಾಗನ್ನು ಇಳಿಸಿ ಪಟ್ಟೆಯನ್ನು ಮಟ್ಟಸವಾಗಿಸಿದರೆ ಈ ದೋಷ ಬಹುಪಾಲು ಅಡಗುತ್ತದೆ. ಕಾರೂ ನೆಲಕ್ಕೆ ಹತ್ತಿರವಾಗಿ ವಾಲುವುದು ಕಡಿಮೆಯಾಗುತ್ತದೆ. ಖರ್ಚಿಲ್ಲದ ಕೆಲಸ, ಫಲ ದೊಡ್ಡದು.

ಬ್ರೇಕಿನ ವಿಷಯದಲ್ಲಿ ಈ ಕಾರಿನ ಕೀರ್ತಿ ಅಷ್ಟಕ್ಕಷ್ಟೆ. ನಾಲ್ಕು ಗಾಲಿಗಳಿಗೂ ಬ್ರೇಕು ಇದ್ದವು, ಸರಿ. ಆದರೆ ಮೊದಲ ಕಾರುಗಳಲ್ಲಿ ಕಾಲಿನದು ಹಿಂದಿನ ಗಾಲಿಗಳಿಗೆ, ಕೈಯಿನದು ಮುಂದಿನ ಗಾಲಿಗಳಿಗೆ. ಎರಡನ್ನೂ ಕೂಡಿಸಿದ್ದು 1930ರಲ್ಲಿ. ಎಳೆಯುವುದೆಲ್ಲ ತಂತಿಹಗ್ಗದಿಂದ. ಹಗ್ಗ ಸಡಿಲವಾದರೆ ಬ್ರೇಕೂ ಸಡಿಲ. ತಿಳಿದವರು ಬೇರೆ ಕಾರಿನ ಎಣ್ಣೆಯೊತ್ತಡದ ಬ್ರೇಕುಗಳನ್ನು ತಂದು ಇದಕ್ಕೆ ಹೊಂದಿಸುತ್ತಿದ್ದರು. ಓಟ ಹೆಚ್ಚಿಸುವ ಮೊದಲು ನಿಲ್ಲುವುದನ್ನು ಕಲಿಸಬೇಕು. ಈ ಕ್ರಮ ತಪ್ಪಿದವರು ಬೇಲಿಯಲ್ಲಿಯೋ ಹುಲ್ಲಿನ ಮೆದೆಯಲ್ಲಿಯೋ ಪಾಠ ಕಲಿಯಬೇಕಾಗುತ್ತದೆ. ಆ ಕಾಲದ ಈ ಪುಟ್ಟ ಕಾರುಗಳಲ್ಲಿ ಸೊಂಟಪಟ್ಟಿಯಾಗಲಿ ಕಾರು ಮಗುಚಿದರೆ ತಲೆ ಕಾಯುವ ಉಕ್ಕಿನ ಪಂಜರವಾಗಲಿ ಇರುತ್ತಿರಲಿಲ್ಲವೆಂಬುದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. (ಇದನ್ನೋದಿ ಉತ್ಸಾಹಗೊಳ್ಳುವ ತರುಣರಿಗೆ ಒಂದು ಮಾತು: ನಮ್ಮ ದೇಶದಲ್ಲಿ ರಸ್ತೆಗೆಂದು ನೋಂದಣಿಯಾದ ವಾಹನವನ್ನು ಮನಬಂದಂತೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ತಡೆಯಿದೆ.)

ಇಷ್ಟೆಲ್ಲ ಆದ ಮೇಲೆ ಎಂಜಿನ್ನು. ಇದರಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ ನಿಂತಿರುವುದರಿಂದ ಹೆಡ್ ಎಂಬುದು ಬರಿಯ ಮುಚ್ಚಳ. ಬೋಲ್ಟು ಬಿಚ್ಚಿದರೆ ಕೈಗೆ ಬರುತ್ತದೆ. ಪ್ರತಿ ಸಿಲಿಂಡರೂ ಸುಮಾರು 187 ಘನ ಸೆಂಟಿಮೀಟರಿನಷ್ಟು ಪೆಟ್ರೋಲು ಬೆರೆತ ಗಾಳಿಯನ್ನು ಎಳೆದುಕೊಂಡು, ಅದನ್ನು ಮುಚ್ಚಳದ ಕೆಳಗಿನ ಸುಮಾರು 47 ಘನ ಸೆಂಟಿಮೀಟರಿನ ಗೂಡಿನೊಳಕ್ಕೆ ಅದುಮುತ್ತದೆ. ಎಂದರೆ ಐದು ಪಾಲು ಒಂದು ಪಾಲಾಗುತ್ತದೆ. ಮುಚ್ಚಳದ ಅಡಿಯನ್ನು ಹೆರೆಸಿ ಗೂಡನ್ನು 34ಕ್ಕೆ ಇಳಿಸಿದರೆ ಆರೂವರೆ ಪಾಲು ಒಂದಾಗುತ್ತದೆ. ಇಳಿಸಿದ್ದು ಎರಡೂವರೆ ಟೀ ಚಮಚೆಯಷ್ಟು ಜಾಗ! ಆದರೆ ಹೆಚ್ಚು ಅದುಮಿದ ಅನಿಲ ಉರಿದಾಗ ಹೆಚ್ಚು ಬಲದಿಂದ ತಳ್ಳುತ್ತದೆ. ಇದರ ಜೊತೆಗೆ ಬಲವಾದ ವಾಲ್ವು ಸ್ಪ್ರಿಂಗು, ದೊಡ್ಡ ಕಾರ್ಬುರೇಟರು, ಹೊಗೆ ಸರಾಗವಾಗಿ ಹೋಗುವ ಕೊಳವೆ, ಇವೆಲ್ಲ ಯಾರೂ ಮಾಡುವ ಕೆಲಸಗಳು.

ಎಲ್ಲಿಯವರೆಗೆ ಹೀಗೆ ಹುರಿದುಂಬಿಸಬಹುದು? ಕ್ರಾಂಕ್ ಷಾಫ್ಟು ತಡೆಯುವವರೆಗೆ. ನಾಲ್ಕು ಪಿಸ್ಟನ್ನುಗಳ ಹೊಡೆತವನ್ನು ತಿನ್ನುವ ಈ ಉಕ್ಕಿನ ದಂಡಕ್ಕೆ 1936ರವರೆಗಿನ ಎಂಜಿನ್ನುಗಳಲ್ಲಿ ಎರಡೇ ಬೇರಿಂಗು, ಮುಂದೊಂದು ಹಿಂದೊಂದು. ವೇಗ ಏರಿದಂತೆ ನಡುವಿನ ಭಾಗ ಹುಡುಗಿಯರು ಆಡುವ ಸ್ಕಿಪ್ಪಿಂಗ್ ಹಗ್ಗದ ಹಾಗೆ ಬೀಗುತ್ತದೆ. ಎಣ್ಣೆ ಹೋಗುವ ಏರ್ಪಾಡೂ ವಿಚಿತ್ರ. ಸಣ್ಣ ನಳಿಕೆಗಳು ತಿರುಗುವ ದಂಡದ ಕಡೆಗೆ ಎಣ್ಣೆಯನ್ನು ಚಿಮ್ಮಿಸುತ್ತವೆ, ತಲಪಬೇಕಾದಲ್ಲಿಗೆ ಅದು ತಲಪಬೇಕು. ಇಂಗ್ಲಿಷ್ ಮೆಕ್ಯಾನಿಕ್ಕುಗಳು ಇದಕ್ಕೆ ‘ಉಗುಳಿ ಹಾರೈಸು’ ಎಂಬರ್ಥದ ಅಡ್ಡಹೆಸರಿಟ್ಟಿದ್ದರು.

ಇಂಥ ಒಂದು ಕಾರು 1947ರ ಕೊನೆಯಲ್ಲಿ ಕಾಲಿನ್ ಚಾಪ್ಮನ್ ಎಂಬ ವಿದ್ಯಾರ್ಥಿಯ ಕೈಯಲ್ಲಿ ಉಳಿದುಹೋಯಿತು. ಆತ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತ, ಬಿಡುವಿನಲ್ಲಿ ಹಳೆಯ ಕಾರುಗಳ ವ್ಯಾಪಾರ ಮಾಡುತ್ತಿದ್ದ. ಸರ್ಕಾರ ಖಾಸಗಿ ವಾಹನಗಳ ಪೆಟ್ರೋಲು ಪಡಿತರವನ್ನು ನಿಲ್ಲಿಸಿದ್ದೇ ತಡ, ವ್ಯಾಪಾರ ನೆಲಕಚ್ಚಿತು. ಮಾರಾಟವಾಗದೆ ಉಳಿದ ಆಸ್ಟಿನ್ನನ್ನು ತನ್ನ ಗೆಳತಿ ಹೇಜಲ್ ವಿಲಿಯಮ್ಸ್ ತಂದೆತಾಯಿಯ ಮನೆಯ ಹಿಂದಿನ ಗರಾಜಿನಲ್ಲಿಟ್ಟುಕೊಂಡು ಬಿಚ್ಚಿದ. ಅಲ್ಯೂಮಿನಿಯಂ ಅಂಟಿಸಿದ ಪ್ಲೈವುಡ್ಡಿನಿಂದ ಮೈಯನ್ನು ಕಟ್ಟಿ, ಆ ಮೈಯೇ ಚಾಸಿಗೂ ಬಿಗಿ ಕೊಡುವಂತೆ ಮಾಡಿದ. ಸೇತುವೆ ಕಟ್ಟಡಗಳ ಶಾಸ್ತ್ರ ಓದಿದವನಿಗೆ ಸಹಜವಾಗಿ ತೋಚುವ ಉಪಾಯ. 1948ರಲ್ಲಿ ಸಿದ್ಧವಾದ ಈ ಕಾರಿಗೆ ಲೋಟಸ್ ಎಂದು ಹೆಸರಿಟ್ಟ. ಆ ಕಾರು ಸ್ಪರ್ಧಿಸಿದ್ದು ಟ್ರಯಲ್ ಎಂಬ ಪಂದ್ಯಗಳಲ್ಲಿ. ಕೆಸರಿನ ಗುಡ್ಡವನ್ನು ನಿಲ್ಲದೆ ಎಷ್ಟು ದೂರ ಹತ್ತುತ್ತದೆಂಬುದೇ ಅಲ್ಲಿನ ಪರೀಕ್ಷೆ. ಕಮಲವೆಂದು ಏಕೆ ಕರೆದನೋ ಚಾಪ್ಮನ್ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಕೆಸರಿನಲ್ಲಿ ಮೆರೆದ ಕಾರಿಗೆ ಪಂಕಜವೆಂಬ ಹೆಸರು ಒಪ್ಪುತ್ತದೆಂದು ನಮ್ಮಂಥ ಪಂಡಿತರು ಸಂತೋಷಪಡಬಹುದು.

ಈಗ ನಿಯಮದ ವಿಷಯ. ಈ ಪುಟ್ಟ ಕಾರಿನ ಅಭಿಮಾನಿಗಳು 1939ರಲ್ಲಿಯೇ 750 ಮೋಟಾರ್ ಕ್ಲಬ್ಬನ್ನು ಕಟ್ಟಿಕೊಂಡಿದ್ದರು. ಯುದ್ಧಾನಂತರ ಅದರ ಮುಖಂಡರಲ್ಲೊಬ್ಬನಾದ ಹಾಲೆಂಡ್ ಬರ್ಕೆಟ್ ವೃತ್ತಿಯಿಂದ ದನಕರುಗಳ ವೈದ್ಯ. ಹಣವಂತನು ವಿಶೇಷ ಎಂಜಿನ್ನು ಮಾಡಿಸಿ ತಂದರೆ ಷೆಡ್ಡಿನ ಕಾರಿಗೆ ಉಳಿಗಾಲವೆಲ್ಲಿ? ಆದ್ದರಿಂದ ಎಂಜಿನ್ನು, ಚಾಸಿ, ಹಿಂದಿನ ಅಚ್ಚು ಈ ಮೂರೂ ಆಸ್ಟಿನ್ ಸೆವೆನ್ನಿನವೇ ಆಗಿರಬೇಕು, ಮಿಕ್ಕದ್ದರಲ್ಲಿ ಕಟ್ಟುವವನ ಬುದ್ಧಿಗೆ ಅವಕಾಶವಿರಲಿ, ಎಂಬ ತತ್ತ್ವದ ಮೇಲೆ ಕ್ಲಬ್ಬು 750 ಫಾರ್ಮುಲಾವನ್ನು ರಚಿಸಿತು. ಅದರಂತೆ ಪಂದ್ಯಗಳು 1950ರಲ್ಲಿ ಆರಂಭವಾದವು.

ಚಾಪ್ಮನ್ 1951ರಲ್ಲಿ ಅಲೆನ್ ಸಹೋದರರೊಡಗೂಡಿ ತನ್ನ ಮೂರನೆಯ ಕಾರನ್ನು ಕಟ್ಟಿ ಈ ಪಂದ್ಯಕ್ಕಿಳಿದ. ಅದರ ಗುಟ್ಟನ್ನು ತಿಳಿಯಬೇಕಾದರೆ ಆಸ್ಟಿನ್ ಎಂಜಿನ್ನು ಉಸಿರಾಡುವ ಬಗೆಯನ್ನು ನೋಡಬೇಕು. ಸಿಲಿಂಡರು ನಾಲ್ಕು, ಗಾಳಿ ಒಳಬರುವ ದಾರಿ ಎರಡೇ. ಒಂದನೆಯದಕ್ಕೂ ಎರಡನೆಯದಕ್ಕೂ ಸೇರಿ ಒಂದು ದಾರಿ, ಮೂರನೆಯದಕ್ಕೂ ನಾಲ್ಕನೆಯದಕ್ಕೂ ಸೇರಿ ಇನ್ನೊಂದು. ಮೈಕೂಡಿ ಹುಟ್ಟಿದ ಸಯಾಮಿ ಅವಳಿಗಳನ್ನು ನೆನೆದು ಇಂಥ ದಾರಿಗೆ ಸಯಾಮಿ ದಾರಿಯೆಂದೇ ಹೆಸರು. ಸಿಲಿಂಡರುಗಳು ಉಸಿರೆಳೆಯುವ ಸರದಿ ಒಂದು, ಮೂರು, ನಾಲ್ಕು, ಎರಡು. ಮೂರರ ಹಿಂದೆಯೇ ನಾಲ್ಕು, ಎರಡರ ಹಿಂದೆಯೇ ಒಂದು. ಹೀಗಾಗಿ ಒಂದು ಸಿಲಿಂಡರು ತನ್ನ ಉಸಿರನ್ನು ಪೂರ್ತಿ ಎಳೆದುಕೊಳ್ಳುವ ಮೊದಲೇ ಜೊತೆಯದು ಎಳೆಯಲು ತೊಡಗುತ್ತದೆ. ಒಂದೇ ಪೈಪಿನಿಂದ ನೀರು ಪಡೆಯುವ ಎರಡು ಮನೆಗಳಲ್ಲಿ ನೆರೆಯವರು ನಲ್ಲಿ ತಿರುಗಿಸಿದೊಡನೆ ನಮ್ಮ ನಲ್ಲಿಯ ಧಾರೆ ಸಣ್ಣಗಾಗುವುದಿಲ್ಲವೆ, ಅದೇ ಪಾಡು. ಚಾಪ್ಮನ್ ದಾರಿಯ ಒಳಗೇ ಲೋಹದ ತಡಿಕೆಯನ್ನು ನಿಲ್ಲಿಸಿ ಒಂದನ್ನು ಎರಡಾಗಿ ಸೀಳಿದ. ನಾಲ್ಕಕ್ಕೂ ಪ್ರತ್ಯೇಕ ದಾರಿಯಾಯಿತು. ಎಂಜಿನ್ನು ಆಸ್ಟಿನ್ನಿನದೇ, ನಿಯಮದ ಒಂದು ಅಕ್ಷರವೂ ಮುರಿದಿಲ್ಲ. ಆ ವರ್ಷದ ಪಂದ್ಯಗಳಲ್ಲಿ ಅವನ ಕಾರನ್ನು ಹಿಡಿಯುವವರಿರಲಿಲ್ಲ.

ಕ್ಲಬ್ಬು ಮುಂದಿನ ವರ್ಷಕ್ಕೆ ಈ ಉಪಾಯವನ್ನು ನಿಷೇಧಿಸಿತು.

ಇದನ್ನು ಮೊದಲು ಓದಿದಾಗ ನನಗೆ ಅನ್ಯಾಯವೆನಿಸಿತು. ತರಗತಿಯಲ್ಲಿ ಒಬ್ಬ ಹುಡುಗ ಲೆಕ್ಕವನ್ನು ಹೊಸ ದಾರಿಯಲ್ಲಿ ಬಿಡಿಸಿದರೆ, ಆ ದಾರಿಯನ್ನೇ ಮುಚ್ಚುವ ಉಪಾಧ್ಯಾಯನನ್ನು ಯಾರು ಮೆಚ್ಚಿಯಾರು? ಆದರೆ ಹಿಂದಿನ ಬೆಂಚಿನ ಕಡೆಯಿಂದಲೂ ನೋಡಬೇಕು. ಉಪಾಯಕ್ಕೆ ಅನುಮತಿ ಉಳಿದಿದ್ದರೆ ಗೆಲ್ಲಬೇಕೆನ್ನುವ ಪ್ರತಿಯೊಬ್ಬನೂ ತನ್ನ ಎಂಜಿನ್ನಿನ ಒಡಲನ್ನು ಹಾಗೆಯೇ ಸೀಳಿಸಬೇಕಾಗುತ್ತಿತ್ತು. ಅದಕ್ಕೆ ಬೇಕಾದ ಕೈಚಳಕ, ಯಂತ್ರಸೌಕರ್ಯ ಎಲ್ಲರ ಷೆಡ್ಡಿನಲ್ಲಿ ಇರುವಂಥದಲ್ಲ. ಇಲ್ಲದವನು ಹಣ ತೆತ್ತು ಮಾಡಿಸಬೇಕು, ಹಣವಿಲ್ಲದವನು ಮನೆಗೆ ಹೋಗಬೇಕು. ಆ ನಿಯಮ ಹುಟ್ಟಿದ್ದೇ ಅವನು ಮನೆಗೆ ಹೋಗಬಾರದೆಂದು. ಹೀಗೆ ಯೋಚಿಸಿದ ಮೇಲೆ ಕ್ಲಬ್ಬು ಮಾಡಿದ್ದು ಸರಿಯೆಂದು ಒಪ್ಪಿದ್ದೇನೆ. ಚಾಪ್ಮನ್ನನ ಗೆಲುವನ್ನು ಅವರು ಕಿತ್ತುಕೊಳ್ಳಲಿಲ್ಲವೆಂಬುದನ್ನೂ ಗಮನಿಸಬೇಕು. ಮುಂದಿನದಕ್ಕೆ ಮಾತ್ರ ಬೇಲಿ ಹಾಕಿದರು.

ಅದೇ ಸುಮಾರಿನಲ್ಲಿ ಭೂಗೋಳದ ಇನ್ನೊಂದು ತುದಿಯಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಗರಾಜು ಇಟ್ಟುಕೊಂಡಿದ್ದ ಒಬ್ಬ ತಂದೆ 1929ರ ಅಲ್ಸ್ಟರ್ ಮಾದರಿಯ ಆಸ್ಟಿನ್ ಸೆವೆನ್ನೊಂದನ್ನು ಕೊಂಡು ತಂದಿದ್ದ. ರಿಪೇರಿ ಮಾಡಿ ಮಾರುವ ಯೋಚನೆ. ಮಗ ಬ್ರೂಸ್ ಮೆಕ್ಲಾರೆನ್ ಅದನ್ನು ಮಾರಗೊಡಲಿಲ್ಲ. ಬಾಲ್ಯದಲ್ಲಿ ಸೊಂಟದ ಮೂಳೆಯ ರೋಗದಿಂದ ಎರಡು ವರ್ಷ ಮಲಗಿದಲ್ಲೇ ಇದ್ದ ಹುಡುಗ ಅವನು. ಕಾರು ರಿಪೇರಿಯಾದ ಮೇಲೆ ಹಿತ್ತಲಿನ ಮರಗಳನ್ನು ಸುತ್ತಿ ಸುತ್ತಿ ಅಭ್ಯಾಸ ಮಾಡಿ, ಹದಿನೈದರ ಪ್ರಾಯದಲ್ಲಿ ಗುಡ್ಡ ಹತ್ತುವ ಪಂದ್ಯದಲ್ಲಿ ಅದನ್ನೋಡಿಸಿದ. ಆ ಕಾರನ್ನು ಈಗ ಇಂಗ್ಲೆಂಡಿನ ವೋಕಿಂಗಿನಲ್ಲಿ ಅವನ ಹೆಸರಿನ ಸಂಸ್ಥೆಯ ಕಟ್ಟಡದಲ್ಲಿ ಇಟ್ಟಿದ್ದಾರೆ.

ಚಾಪ್ಮನ್ನನಾದರೋ ನಿಷೇಧಕ್ಕೆ ಮುನಿಸಿಕೊಂಡು ಕೂರಲಿಲ್ಲ. 1952ರ ಜನವರಿ ಒಂದರಂದು ಲೋಟಸ್ ಎಂಜಿನಿಯರಿಂಗ್ ಎಂಬ ಕಂಪನಿಯನ್ನು ತೆರೆದ. ಅದರ ಕಾರ್ಖಾನೆ ಇದ್ದದ್ದು ಲಂಡನ್ನಿನ ಹಾರ್ನ್ಸಿಯಲ್ಲಿ, ಅವನ ತಂದೆ ನಡೆಸುತ್ತಿದ್ದ ರೈಲ್ವೆ ಹೋಟೆಲಿನ ಹಿಂದಿನ ಹಳೆಯ ಕುದುರೆಲಾಯದಲ್ಲಿ.