ಸಂಘದ ಜಾಲತಾಣ: ಮನೆಮಕ್ಕಳೇ ಕಲಿತು ಕಟ್ಟಬಹುದು

ಮುಂಬಯಿ: ಹಗಲಿಡೀ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ಅಕ್ಷರ ಕಲಿತ ಹಿರಿಯರು ಈ ನಗರದ ಕನ್ನಡ ಸಂಘ-ಸಂಸ್ಥೆಗಳನ್ನು ಬೆಳೆಸಿದವರಲ್ಲಿ ಸೇರಿದ್ದಾರೆ. ಅಂಥ ಸಂಸ್ಥೆಗಳಿಗೆ ಈಗ ಹೊಸದೊಂದು ತೊಡಕು. ಉತ್ಸಾಹದಿಂದ ಜಾಲತಾಣ ಆರಂಭವಾಗುತ್ತದೆ. ಅದನ್ನು ಮಾಡಿಕೊಟ್ಟ ಯುವಕ ನೌಕರಿಗಾಗಿ ಬೇರೆ ಊರು ಸೇರುತ್ತಾನೆ. ಪಾಸ್‌ವರ್ಡ್ ಯಾರಲ್ಲಿದೆ ಎಂಬುದೇ ತಿಳಿಯದೆ, ಡೊಮೇನ್ ನವೀಕರಣವಾಗದೆ ತಾಣ ಮುಚ್ಚಿಹೋಗುತ್ತದೆ. ಅದರೊಂದಿಗೆ ವಾರ್ಷಿಕೋತ್ಸವದ ಚಿತ್ರಗಳು, ಅಗಲಿದ ಸದಸ್ಯರ ಪರಿಚಯ ಲೇಖನಗಳೂ ಕಣ್ಮರೆಯಾಗುತ್ತವೆ.

ಸಂಘದಲ್ಲೇ ನಾಲ್ಕೈದು ಮಂದಿ ಈ ವಿದ್ಯೆ ಕಲಿತರೆ ಇಂಥ ನಷ್ಟ ತಪ್ಪುತ್ತದೆ. ಇದಕ್ಕೆ ಇಂಜಿನಿಯರಿಂಗ್ ಪದವಿ ಬೇಕಿಲ್ಲ, ದುಬಾರಿ ಸಾಫ್ಟ್‌ವೇರೂ ಬೇಕಿಲ್ಲ. ನೋಟ್‌ಪ್ಯಾಡ್ ಮತ್ತು ಬ್ರೌಸರ್ ಇರುವ ಸಾಧಾರಣ ಕಂಪ್ಯೂಟರ್ ಸಾಕು.

ಮೂರು ಮೆಟ್ಟಿಲು

ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಜಾಲದ ಕಲ್ಪನೆ ಮುಂದಿಟ್ಟರು. ಅವರು ರೂಪಿಸಿದ ಎಚ್‌ಟಿಎಂಎಲ್ ಇಂದಿಗೂ ಪ್ರತಿ ಪುಟದ ಅಸ್ತಿಭಾರ. 1995ರಲ್ಲಿ ಜಾವಾಸ್ಕ್ರಿಪ್ಟ್, 1996ರಲ್ಲಿ ಸಿಎಸ್‌ಎಸ್ ಜೊತೆಗೂಡಿದವು. ಯಕ್ಷಗಾನಕ್ಕೆ ಹೋಲಿಸಿದರೆ ಎಚ್‌ಟಿಎಂಎಲ್ ಪ್ರಸಂಗ, ಸಿಎಸ್‌ಎಸ್ ವೇಷಭೂಷಣ, ಜಾವಾಸ್ಕ್ರಿಪ್ಟ್ ಕುಣಿತ. ಪ್ರಸಂಗವೇ ಬಾರದವನು ಕುಣಿತಕ್ಕೆ ಇಳಿಯಬಾರದು. ಆದ್ದರಿಂದ ಮೊದಲು ಶೀರ್ಷಿಕೆ, ಪ್ಯಾರಾ, ಚಿತ್ರ, ಕೊಂಡಿ ಇವುಗಳ ಟ್ಯಾಗ್‌ಗಳನ್ನು ಕಲಿಯುವುದು ಲೇಸು. ಬಳಿಕ ಬಣ್ಣ, ಅಂತರ, ಅಕ್ಷರದ ಗಾತ್ರ. ಕೊನೆಗೆ ಜಾವಾಸ್ಕ್ರಿಪ್ಟ್.

ಓದಿ ಮುಗಿಸಿದ ಮೇಲೆ ಮಾಡುತ್ತೇನೆ ಎಂದು ಕಾಯುವವರು ಎಂದೂ ಮಾಡುವುದಿಲ್ಲ. ಮೊದಲ ದಿನವೇ ಸಂಘದ ಹೆಸರು, ಸ್ಥಾಪನೆಯ ವರ್ಷ, ಒಂದು ಚಿತ್ರ ಇರುವ ಪುಟ ಬರೆದು ಬ್ರೌಸರ್‌ನಲ್ಲಿ ತೆರೆದು ನೋಡಬೇಕು. ಎಂಡಿಎನ್, ಫ್ರೀಕೋಡ್‌ಕ್ಯಾಂಪ್ ತಾಣಗಳಲ್ಲಿ ಉಚಿತ ಪಾಠಗಳಿವೆ.

ಕನ್ನಡದ ಎಚ್ಚರಿಕೆ

ಕನ್ನಡ ಲಿಪಿಗೆ 1991ರಲ್ಲೇ ಯುನಿಕೋಡ್‌ನಲ್ಲಿ ಸ್ಥಾನ ದೊರೆತಿದೆ. ಆದರೂ ಹಳೆಯ ಸ್ಮರಣ ಸಂಚಿಕೆಗಳಲ್ಲಿ ಹಲವು ನುಡಿ, ಬರಹ ತಂತ್ರಾಂಶಗಳ ಹಿಂದಿನ ಫಾಂಟ್‌ಗಳಲ್ಲಿ ಟೈಪ್ ಆಗಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪುಟಕ್ಕೆ ಸೇರಿಸುವ ಮುನ್ನ ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಬೇಕು. ಕಡತವನ್ನು ಯುಟಿಎಫ್-8 ರೂಪದಲ್ಲೇ ಉಳಿಸಬೇಕು. ಹಳೆಯ ನೋಟ್‌ಪ್ಯಾಡ್‌ನಲ್ಲಿ ಆನ್ಸಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿಬಿಡುತ್ತದೆ.

ಹೊಸಬರು ಎಡವುವ ಇನ್ನೊಂದು ಜಾಗ ಕಡತದ ಹೆಸರು. ವಿಂಡೋಸ್‌ನಲ್ಲಿ ದೊಡ್ಡ, ಸಣ್ಣ ಇಂಗ್ಲಿಷ್ ಅಕ್ಷರಗಳ ಭೇದ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಲಿನಕ್ಸ್ ಸರ್ವರ್‌ನಲ್ಲಿ ಉಂಟು. ಮನೆಯಲ್ಲಿ ಕಂಡ ಚಿತ್ರ ತಾಣದಲ್ಲಿ ಕಾಣದಿದ್ದರೆ ಮೊದಲು ಇದನ್ನೇ ಪರೀಕ್ಷಿಸಬೇಕು.

ಪುಟದ ಮೂಲವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಆದ್ದರಿಂದ ಸದಸ್ಯರ ಫೋನ್ ಸಂಖ್ಯೆ, ಮನೆ ವಿಳಾಸಗಳನ್ನು ಅದರಲ್ಲಿ ಬರೆಯಕೂಡದು. ಸರಳ ಪುಟಗಳನ್ನು ಗಿಟ್‌ಹಬ್ ಪೇಜಸ್‌ನಂಥ ಸೇವೆಯಲ್ಲಿ ಉಚಿತವಾಗಿ ಇಡಬಹುದು. ಡೊಮೇನ್ ಕೊಂಡರೆ ಅದು ಸಂಘದ ಹೆಸರಿನಲ್ಲೇ ಇರಲಿ. ನವೀಕರಣದ ದಿನಾಂಕ ಕಾರ್ಯಕಾರಿ ಸಮಿತಿಯ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ, ಎಲ್ಲ ಕಡತಗಳ ಒಂದು ಪ್ರತಿ ಕಚೇರಿಯಲ್ಲಿರಲಿ.

ಕನ್ನಡ ಓದಲು ಬಾರದ ಮೊಮ್ಮಕ್ಕಳು ಈ ನಗರದಲ್ಲಿ ಹಲವರಿದ್ದಾರೆ. ಕಂಪ್ಯೂಟರ್ ಅವರಿಗೆ ಸಲೀಸು. ಅಜ್ಜ ಹಳೆಯ ಸಂಚಿಕೆ ಓದಿ ಹೇಳಲಿ, ಮೊಮ್ಮಗಳು ಟೈಪ್ ಮಾಡಲಿ. ವಾರಕ್ಕೊಂದು ಭಾನುವಾರ, ಸಂಘದ ಕಚೇರಿಯ ಒಂದು ಮೇಜು ಇದಕ್ಕೆ ಮೀಸಲಾದರೆ ಜಾಲತಾಣವೂ ಉಳಿದೀತು, ಮನೆಯೊಳಗೆ ಕನ್ನಡವೂ ಉಳಿದೀತು.