ಶಿರಾಡಿ ಘಾಟಿ ಇಳಿಯುವ ಗಾಲಿಕುರ್ಚಿ

ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿ ಓಡಾಡುವವರು ದೂರದ ಮದುವೆಗೆ ಹೊರಟರೆ ಮೊದಲು ಬಿಡುವುದು ನೀರನ್ನು. ಬೆಂಗಳೂರಿನಿಂದ ಮಂಗಳೂರಿಗೆ ಏಳೆಂಟು ಗಂಟೆಯ ದಾರಿ. ನಡುವೆ ಗಾಲಿಕುರ್ಚಿ ಒಳಹೋಗುವ ಶೌಚಾಲಯ ಸಿಗುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಹಿಂದಿನ ರಾತ್ರಿಯಿಂದಲೇ ಲೋಟ ಮುಟ್ಟುವುದಿಲ್ಲ, ಬೆಳಗಿನ ತಿಂಡಿಯೂ ಬೇಡ. ಮನೆಯವರಿಗೂ ಇದೇ ಸರಿ ಅನ್ನಿಸುತ್ತದೆ. ಆದರೆ ದಾರಿಯಲ್ಲಿ ಆಗುವ ಮುಕ್ಕಾಲು ತೊಂದರೆಗಳಿಗೆ ಈ ಉಪವಾಸವೇ ಬಾಗಿಲು ತೆರೆಯುತ್ತದೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಸೋಂಕು ಮತ್ತು ಕಲ್ಲಿನ ಸಾಧ್ಯತೆ ಹೆಚ್ಚುತ್ತದೆ, ಮಲವೂ ಗಟ್ಟಿಯಾಗಿ ಕೂರುತ್ತದೆ.

ಮೂತ್ರಕೋಶ ತುಂಬಿದೆ ಎಂಬ ಸುದ್ದಿ ಬೆನ್ನುಹುರಿಯ ಕೆಳತುದಿಗೆ ಬಂದು ಅಲ್ಲಿಂದ ಮೆದುಳಿಗೆ ಏರುತ್ತದೆ. ಈಗ ಬೇಡ, ತಡೆದುಕೋ ಎಂಬ ಅಪ್ಪಣೆ ಅದೇ ದಾರಿಯಲ್ಲಿ ಇಳಿಯುತ್ತದೆ. ನಡುವೆ ಪೆಟ್ಟು ಬಿದ್ದರೆ ಸುದ್ದಿ ಏರುವುದಿಲ್ಲ, ಅಪ್ಪಣೆ ಇಳಿಯುವುದಿಲ್ಲ. ಕೆಲವರಲ್ಲಿ ಮೂತ್ರಕೋಶ ತನ್ನಷ್ಟಕ್ಕೆ ಹಿಂಡಿಕೊಳ್ಳುತ್ತದೆ, ಅದೇ ಹೊತ್ತಿಗೆ ಹೊರದಾರಿಯ ಸ್ನಾಯುವೂ ಬಿಗಿಯುತ್ತದೆ. ಆಗ ಒತ್ತಡ ಹಿಂದಕ್ಕೆ, ಮೂತ್ರಪಿಂಡದ ಕಡೆಗೆ ತಿರುಗುತ್ತದೆ. ಪೆಟ್ಟು ಬೆನ್ನುಹುರಿಯ ತೀರಾ ಕೆಳಗಿನ ತುದಿಗೇ ಬಿದ್ದಿದ್ದರೆ ಮೂತ್ರಕೋಶ ಹಿಂಡಿಕೊಳ್ಳುವುದನ್ನೇ ಮರೆತು ಸಡಿಲವಾಗಿ ತುಂಬುತ್ತಲೇ ಹೋಗುತ್ತದೆ.

ಮೊದಲನೇ ಮಹಾಯುದ್ಧದ ಕಾಲದಲ್ಲಿ ಹೀಗೆ ಗಾಯಗೊಂಡ ಸೈನಿಕರಲ್ಲಿ ಹೆಚ್ಚಿನವರು ಬದುಕಿ ಉಳಿಯಲಿಲ್ಲ. ಅವರನ್ನು ಕೊಂದದ್ದು ಗುಂಡೇಟಿಗಿಂತ ಹೆಚ್ಚಾಗಿ ಮೂತ್ರದ ಸೋಂಕು ಮತ್ತು ಒತ್ತಡದ ಹುಣ್ಣು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗಟ್‌ಮನ್ ಎಂಬ ವೈದ್ಯರು ಇವೆರಡನ್ನೂ ಪಟ್ಟು ಹಿಡಿದು ಎದುರಿಸಿದರು. ಹಗಲು ರಾತ್ರಿ ಎನ್ನದೆ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವ ಪದ್ಧತಿ ತಂದರು. ಮೂತ್ರಕೋಶವನ್ನು ಹೊತ್ತುಹೊತ್ತಿಗೆ ಟ್ಯೂಬ್ ಹಾಕಿ ಖಾಲಿ ಮಾಡುವುದನ್ನೂ ಅವರು ರೂಢಿಗೆ ತಂದರು. ಆದರೆ ಅದಕ್ಕೆ ಆಪರೇಷನ್ ಕೋಣೆಯಷ್ಟು ಶುಚಿತ್ವ ಬೇಕಿತ್ತು, ಆಸ್ಪತ್ರೆ ಬಿಟ್ಟು ಹೋಗುವಂತಿರಲಿಲ್ಲ. 1972ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡೀಸ್ ಮತ್ತು ಸಂಗಡಿಗರು ಈ ಕಟ್ಟು ಸಡಿಲಿಸಿದರು. ಮೂತ್ರಕೋಶ ಮಿತಿಮೀರಿ ಹಿಗ್ಗಿದರೆ ಅದರ ಗೋಡೆಗೆ ರಕ್ತ ಸಾಲದಾಗುತ್ತದೆ, ಸೋಂಕು ಬೇರೂರುವುದು ಆಗ. ಆದ್ದರಿಂದ ಸೋಪು ನೀರಿನಲ್ಲಿ ಕೈ ತೊಳೆದು, ಶುಚಿಯಾದ ಟ್ಯೂಬಿನಿಂದ, ತಪ್ಪದೆ ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದೇ ಮುಖ್ಯ ಎಂದು ಅವರು ತೋರಿಸಿದರು. ಗಾಲಿಕುರ್ಚಿಯವರಿಗೆ ಊರು ಬಿಟ್ಟು ಹೋಗುವ ಸ್ವಾತಂತ್ರ್ಯ ಕೊಟ್ಟ ಸಂಶೋಧನೆಗಳಲ್ಲಿ ಇದಕ್ಕೆ ಸಮನಾದದ್ದು ನನಗೆ ಕಾಣುವುದಿಲ್ಲ.

ದಾರಿಯ ಲೆಕ್ಕ ಸರಳ. ಒಮ್ಮೆಗೆ ಸಂಗ್ರಹವಾಗುವ ಮೂತ್ರ 500 ಮಿಲಿಲೀಟರ್ ಮೀರಬಾರದು, ನಾಲ್ಕರಿಂದ ಆರು ಗಂಟೆಗೊಮ್ಮೆ ಖಾಲಿ ಮಾಡಬೇಕು. ಗಂಟೆಗೆ ಅರ್ಧ ಲೋಟದಂತೆ ಗುಟುಕರಿಸಿದರೆ ಈ ಮಿತಿಯೊಳಗೇ ಇರುತ್ತದೆ. ಒಂದೇ ಸಲ ಎರಡು ಎಳನೀರು ಕುಡಿದರೆ ಲೆಕ್ಕ ತಪ್ಪುತ್ತದೆ. ಗಂಡಸರಿಗೆ ಶೌಚಾಲಯವೂ ಬೇಕಿಲ್ಲ: ಟ್ಯೂಬಿನ ಅಗಲ ತುದಿಯನ್ನು ಯೂರಿನ್ ಬ್ಯಾಗಿಗೆ ಸಿಕ್ಕಿಸಿ, ಹಾಸನದ ಆಚೆ ಎಲ್ಲಾದರೂ ಕಾರು ನಿಲ್ಲಿಸಿ, ಕಿಟಕಿಗೆ ಬಟ್ಟೆ ಕಟ್ಟಿ ಮುಗಿಸಬಹುದು. ಕೈ ತೊಳೆಯುವುದನ್ನು ಮಾತ್ರ ಬಿಡುವಂತಿಲ್ಲ. ರಸ್ತೆಯ ಧೂಳು ಹತ್ತಿದ ಗಾಲಿಯನ್ನು ತಳ್ಳಿದ ಕೈ ಅದು.

ಹೆಂಗಸರ ಕಷ್ಟ ಬೇರೆ. ಕುರ್ಚಿಯಲ್ಲಿ ಕುಳಿತೇ ಟ್ಯೂಬ್ ಹಾಕಿಕೊಳ್ಳುವುದು ಬಹಳ ಮಂದಿಗೆ ಆಗದ ಮಾತು. ಹಿಂದಿನ ಸೀಟಿನಲ್ಲಿ ಮಲಗಬೇಕು, ಕನ್ನಡಿ ಬೇಕು, ಜೊತೆಗೊಬ್ಬರು ಬೇಕು. ಆದ್ದರಿಂದ ವೈದ್ಯರನ್ನು ಕೇಳಿ ಪ್ರಯಾಣದ ಮಟ್ಟಿಗೆ ಒಳಗೇ ಉಳಿಯುವ ಫೋಲಿ ಕ್ಯಾಥೆಟರ್ ಹಾಕಿಸಿಕೊಳ್ಳುವವರಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಬ್ಯಾಗು ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನಳಿಕೆ ತೊಡೆಯಡಿ ಸಿಕ್ಕಿ ಮಡಚಬಾರದು. ರೈಲಿನ ಬರ್ತಿನಲ್ಲಿ ಪಕ್ಕದಲ್ಲೇ ಬ್ಯಾಗ್ ಇಟ್ಟುಕೊಂಡು ಮಲಗಿದರೆ ಇವೆರಡೂ ಕೆಡುತ್ತವೆ.

ತಲುಪಿದ ರಾತ್ರಿ ಇನ್ನೊಂದು ಎಚ್ಚರ ಬೇಕು. ಅಲುಗಾಡದ ಕಾಲುಗಳಲ್ಲಿ ದಿನವಿಡೀ ನೀರು ಇಳಿದು ನಿಂತಿರುತ್ತದೆ, ಪಾದ ಊದುತ್ತದೆ. ಮಲಗಿದೊಡನೆ ಆ ನೀರು ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಸಂಜೆ ಏನೂ ಕುಡಿಯದಿದ್ದರೂ ನಡುರಾತ್ರಿಗೆ ಮೂತ್ರಕೋಶ ತುಂಬುವುದು ಹೀಗೆ. ಅಂದು ಅಲಾರಂ ಇಟ್ಟು ಒಂದು ಸಲ ಹೆಚ್ಚಿಗೆ ಖಾಲಿ ಮಾಡಬೇಕು.

ಇನ್ನು ಚರ್ಮ. ಕುಳಿತಾಗ ಮೈಭಾರ ಬೀಳುವುದು ಪೃಷ್ಠದ ಎರಡು ಮೂಳೆಗಳ ಮೇಲೆ. ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಅದುಮಿಕೊಂಡರೆ ಅಂಗಾಂಶಕ್ಕೆ ಆಮ್ಲಜನಕ ನಿಲ್ಲುತ್ತದೆ. ಸ್ಪರ್ಶವಿದ್ದವರು ತಿಳಿಯದೆಯೇ ಆಚೀಚೆ ಮಿಸುಕುತ್ತಾರೆ. ಸ್ಪರ್ಶವಿಲ್ಲದವರು ಗಡಿಯಾರ ನೋಡಿ ಮಿಸುಕಬೇಕು. ಕೈ ಊರಿ ಕೆಲವು ಸೆಕೆಂಡು ಮೇಲೆದ್ದು ಕೂತರೆ ಸಾಲದು. ಆಮ್ಲಜನಕ ಮೊದಲಿನ ಮಟ್ಟಕ್ಕೆ ಬರಲು ಸುಮಾರು ಎರಡು ನಿಮಿಷ ಬೇಕು. ಅರ್ಧ ಗಂಟೆಗೊಮ್ಮೆಯಾದರೂ ಎದೆಯನ್ನು ತೊಡೆಯ ಕಡೆಗೆ ಬಾಗಿಸಿ ಅಷ್ಟು ಹೊತ್ತು ಇರುವುದು ಒಳ್ಳೆಯದು. ಓಡುವ ಕಾರಿನಲ್ಲಿ ಇದನ್ನು ಮಾಡದೆ, ನಿಲ್ಲಿಸಿ ಮಾಡಬೇಕು. ಜೀನ್ಸಿನ ಹಿಂಜೇಬಿನ ದಪ್ಪ ಹೊಲಿಗೆ, ಜೇಬಿನಲ್ಲಿ ಮರೆತ ಕೀಲಿ, ಮಡಚಿಕೊಂಡ ಪಂಚೆಯ ನೆರಿಗೆ, ಇವಿಷ್ಟೇ ಹುಣ್ಣಿಗೆ ಸಾಕು. ಆ ಹುಣ್ಣು ಮಾಯಲು ತಿಂಗಳುಗಳೇ ಹಿಡಿಯಬಹುದು.

ಗಾಳಿ ತುಂಬಿದ ದಿಂಬಿನ ಮೇಲೆ ಕೂರುವವರಿಗೆ ಘಾಟಿಯ ಭೌತಶಾಸ್ತ್ರವೂ ಗೊತ್ತಿರಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ. ಅಲ್ಲಿನ ವಾಯುಒತ್ತಡ ಕರಾವಳಿಗಿಂತ ಶೇಕಡಾ 10ರಷ್ಟು ಕಡಿಮೆ. ಬೆಂಗಳೂರಿನಲ್ಲಿ ಹದ ನೋಡಿ ಗಾಳಿ ತುಂಬಿದ ದಿಂಬು, ಶಿರಾಡಿ ಇಳಿದು ಮಂಗಳೂರು ಸೇರುವಾಗ ಸುಮಾರು ಹತ್ತನೇ ಒಂದು ಪಾಲು ಕುಗ್ಗಿರುತ್ತದೆ. ಆಗ ಮೂಳೆ ದಿಂಬಿನ ತಳಕ್ಕೇ ತಾಗಬಹುದು. ಮೈಸೂರಿನಿಂದ ಊಟಿ ಹತ್ತಿದರೆ ಇದೇ ತಿರುಗುಮುರುಗು: ಗಾಳಿ ಹಿಗ್ಗಿ ದಿಂಬು ಗಟ್ಟಿಯಾಗುತ್ತದೆ. ವಿಮಾನದಲ್ಲೂ ಹಾಗೆಯೇ, ಒಳಗಿನ ಒತ್ತಡ ಸುಮಾರು 1800ರಿಂದ 2400 ಮೀಟರ್ ಎತ್ತರದ ಬೆಟ್ಟದಲ್ಲಿರುವಷ್ಟೇ. ಪರೀಕ್ಷಿಸುವುದು ಸುಲಭ. ಕುಳಿತವರ ಕೆಳಗೆ ದಿಂಬಿನ ಮೇಲಿಂದ ಕೈ ತೂರಿಸಿ ಮೂಳೆ ಹುಡುಕಬೇಕು. ಮೂಳೆಗೂ ತಳಕ್ಕೂ ನಡುವೆ ಒಂದರಿಂದ ಎರಡೂವರೆ ಸೆಂಟಿಮೀಟರ್ ಗಾಳಿ ಇರಬೇಕು. ಘಾಟಿ ಹತ್ತಿದ ಮೇಲೆ ಒಮ್ಮೆ, ಇಳಿದ ಮೇಲೆ ಒಮ್ಮೆ ನೋಡಿದರಾಯಿತು.

ಕರಾವಳಿಯ ಸೆಕೆಯೂ ಇವರಿಗೆ ಹಗುರವಲ್ಲ. ಪೆಟ್ಟಿನ ಮಟ್ಟಕ್ಕಿಂತ ಕೆಳಗೆ ಮೈ ಸರಿಯಾಗಿ ಬೆವರುವುದಿಲ್ಲ, ಕುತ್ತಿಗೆಗೆ ಪೆಟ್ಟಾದವರಲ್ಲಂತೂ ಮೈ ಬಹುಬೇಗ ಕಾಯುತ್ತದೆ. ಒದ್ದೆ ಟವೆಲ್ ಮತ್ತು ನೀರು ಚಿಮುಕಿಸುವ ಬಾಟಲಿ ಕೈಗೆ ಸಿಗುವಂತಿರಲಿ. ಲಾಡ್ಜಿನ ಗೀಸರ್ ನೀರನ್ನು ಸ್ಪರ್ಶವಿರುವ ಕೈಯಿಂದ ಮುಟ್ಟಿ ನೋಡದೆ ಕಾಲಿಗೆ ಹೊಯ್ದುಕೊಳ್ಳಬಾರದು.

ಮಲವಿಸರ್ಜನೆಯ ವಿಷಯ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಹಲವರು ಪ್ರಯಾಣವನ್ನೇ ಕೈಬಿಡುವುದು ಮಾತ್ರ ಇದರ ಭಯಕ್ಕೆ. ಕರುಳು ಹೊತ್ತಿಗೆ ಒಗ್ಗಿಕೊಳ್ಳುತ್ತದೆ, ಊಟವಾದ ಇಪ್ಪತ್ತು ಮೂವತ್ತು ನಿಮಿಷಕ್ಕೆ ತಾನೇ ಚುರುಕಾಗುತ್ತದೆ. ಮನೆಯಲ್ಲಿ ತಿಂಡಿಯ ನಂತರ ಸಪೋಸಿಟರಿ ಇಟ್ಟು, ಕಮೋಡಿನಲ್ಲಿ ಕುಳಿತು ಅಭ್ಯಾಸವಿದ್ದರೆ ಮಂಗಳೂರಿನಲ್ಲೂ ಅದೇ ಹೊತ್ತು, ಅದೇ ಕ್ರಮ ಇರಲಿ. ಹೊಸ ಭೇದಿ ಮಾತ್ರೆಯನ್ನು ಹೊರಡುವ ಹಿಂದಿನ ದಿನ ಪ್ರಯೋಗ ಮಾಡುವುದಂತೂ ಬೇಡವೇ ಬೇಡ. ಕೋಣೆ ಗೊತ್ತು ಮಾಡುವಾಗ "ವೀಲ್‌ಚೇರ್ ಹೋಗುತ್ತಾ?" ಎಂದರೆ "ಹೋಗುತ್ತೆ ಸಾರ್" ಎಂಬ ಉತ್ತರವೇ ಬರುತ್ತದೆ. ಬಚ್ಚಲಿನ ಬಾಗಿಲು ಎಷ್ಟು ಅಗಲ, ಅಳೆದು ಹೇಳಿ, ಫೋಟೋ ಕಳಿಸಿ ಎಂದು ಕೇಳಬೇಕು. ನಮ್ಮಲ್ಲಿ ಎರಡಡಿಯ ಬಚ್ಚಲ ಬಾಗಿಲು ಸಾಮಾನ್ಯ, ಬಹುಪಾಲು ಗಾಲಿಕುರ್ಚಿಗಳು ಅದಕ್ಕಿಂತ ಅಗಲ.

ಜೀವಕ್ಕೇ ಎರವಾಗಬಹುದಾದ ತೊಂದರೆಯೊಂದಿದೆ, ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಎದೆಯ ಆರನೇ ಮಟ್ಟ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಇದು ಬರಬಹುದು. ಮೂತ್ರಕೋಶ ಉಕ್ಕುವಂತೆ ತುಂಬಿದಾಗ ಅಥವಾ ನಳಿಕೆ ಮಡಚಿಕೊಂಡಾಗ, ಮೆದುಳಿನ ಹಿಡಿತ ತಪ್ಪಿದ ನರಗಳು ಕೆಳಮೈಯ ರಕ್ತನಾಳಗಳನ್ನು ಬಿಗಿಯುತ್ತವೆ. ಬಿಪಿ ಸರ್ರನೆ ಏರುತ್ತದೆ. ಸಡಿಲಿಸು ಎಂಬ ಮೆದುಳಿನ ಸಂದೇಶ ಪೆಟ್ಟನ್ನು ದಾಟಿ ಇಳಿಯಲಾರದು. ತಲೆ ಸಿಡಿಯುತ್ತದೆ, ಮುಖ ಕೆಂಪೇರುತ್ತದೆ, ಹಣೆ ಬೆವರುತ್ತದೆ. ತಲೆನೋವೆಂದವರನ್ನು ಸೀಟು ಬಾಗಿಸಿ ಮಲಗಿಸುವುದು ನಮ್ಮ ರೂಢಿ, ಇಲ್ಲಿ ಅದು ಅಪಾಯ. ನೆಟ್ಟಗೆ ಕೂರಿಸಬೇಕು, ಬೆಲ್ಟು ಬಟ್ಟೆ ಸಡಿಲಿಸಬೇಕು, ತಕ್ಷಣ ಮೂತ್ರಕೋಶ ಖಾಲಿ ಮಾಡಬೇಕು ಅಥವಾ ನಳಿಕೆ ನೇರ ಮಾಡಬೇಕು. ಅದರಿಂದ ತಗ್ಗದಿದ್ದರೆ ಕಾರಣ ಕರುಳಿನಲ್ಲೋ ಚರ್ಮದಲ್ಲೋ ಇರಬಹುದು. ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಅಲ್ಲೂ ಒಂದು ತೊಡಕಿದೆ. ಇಂಥವರ ಸಾಮಾನ್ಯ ಬಿಪಿಯ ಮೇಲಿನ ಅಂಕಿ ಹಲವು ಸಲ 90ರಿಂದ 110ರೊಳಗೇ ಇರುತ್ತದೆ. ಪರಿಚಯವಿಲ್ಲದ ಡ್ಯೂಟಿ ಡಾಕ್ಟರಿಗೆ 140 ಎಂಬ ಅಂಕಿ ಗಾಬರಿಯ ವಿಷಯವಾಗಿ ಕಾಣದೆ ಹೋಗಬಹುದು. ಪೆಟ್ಟಿನ ಮಟ್ಟ, ದಿನನಿತ್ಯದ ಬಿಪಿ, ಕ್ಯಾಥೆಟರ್ ಸೈಜು, ಮಾತ್ರೆಗಳ ಹೆಸರು, ಈ ತೊಂದರೆಯ ಹೆಸರು, ಇಷ್ಟನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿಟ್ಟುಕೊಳ್ಳಬೇಕು. ಚೀಟಿ ಗಾಲಿಕುರ್ಚಿಯ ಹಿಂದಿನ ಚೀಲದಲ್ಲಿ ಬೇಡ, ಅಂಗಿಯ ಜೇಬಿನಲ್ಲೇ ಇರಲಿ. ಕಾರಿನಲ್ಲಾದರೆ ಗಾಲಿಕುರ್ಚಿಯನ್ನು ಮಡಚಿ ಡಿಕ್ಕಿಗೆ ಹಾಕಿರುತ್ತಾರೆ, ವಿಮಾನದಲ್ಲಾದರೆ ಸಾಮಾನಿನ ಜೊತೆ ಕೆಳಗಿಟ್ಟಿರುತ್ತಾರೆ.