ಹಲ್ಲಿನ ಪಾಚಿಯೂ ಗಿಡಮೂಲಿಕೆಗಳ ಪರೀಕ್ಷೆಯೂ

ಬೇವಿನ ಕಡ್ಡಿಯಿಂದ ಹಲ್ಲುಜ್ಜುವ ಪದ್ಧತಿಯು ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಅರಬ್ಬೀ ನಾಡುಗಳಲ್ಲಿ ಮಿಸ್ವಾಕ್ ಎಂಬ ಕಡ್ಡಿಗೆ ಇದೇ ಗೌರವವುಂಟು. ಇಂತಹ ಮೂಲಿಕೆಗಳ ಸಾರವು ಹಲ್ಲಿನ ಕ್ರಿಮಿಗಳನ್ನು ಕೊಲ್ಲುವುದೆಂದು ದಂತಚೂರ್ಣದ ಡಬ್ಬಿಗಳ ಮೇಲೆ ಅಚ್ಚಾಗಿರುವುದನ್ನು ಶ್ರೋತೃಗಳು ನೋಡಿರಬಹುದು. ಆ ಮಾತಿಗೆ ಆಧಾರವೇನು? ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ಒಮ್ಮೆ ಕುಳಿಬಿದ್ದ ಹಲ್ಲಿನ ಎನಾಮೆಲ್ ಪೊರೆಯು ಮತ್ತೆ ಬೆಳೆಯತಕ್ಕುದಲ್ಲವಾದುದರಿಂದ, ಮಕ್ಕಳಿರುವ ಪ್ರತಿಯೊಂದು ಮನೆಯವರೂ ಇದನ್ನು ವಿಚಾರಿಸುವುದು ಯುಕ್ತ.

ಮೊದಲು ಶತ್ರುವಿನ ಪರಿಚಯವಾಗಲಿ. 1683ರಲ್ಲಿ ಹಾಲೆಂಡಿನ ಲೇವನ್‌ಹುಕ್ ಎಂಬಾತನು ತನ್ನ ಹಲ್ಲಿನ ಸಂದಿಯ ಬಿಳಿಯ ಮಡ್ಡಿಯನ್ನು ನೀರಿನಲ್ಲಿ ಕಲಸಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಅಸಂಖ್ಯ ಜೀವಿಗಳು ಚಲಿಸುತ್ತಿರುವುದನ್ನು ವರ್ಣಿಸಿದನು. 1890ರಲ್ಲಿ ಬರ್ಲಿನ್ನಿನಲ್ಲಿದ್ದ ಮಿಲ್ಲರ್ ಪಂಡಿತನು, ಈ ಜೀವಿಗಳು ಆಹಾರದ ಸಕ್ಕರೆ ಪಿಷ್ಟಗಳನ್ನು ಆಮ್ಲವಾಗಿ ಮಾರ್ಪಡಿಸಿ ಹಲ್ಲನ್ನು ಕರಗಿಸುವುವೆಂಬ ತತ್ತ್ವವನ್ನು ಪ್ರಕಟಿಸಿದನು. 1924ರಲ್ಲಿ ಕ್ಲಾರ್ಕ್ ಎಂಬುವನು ಹುಳುಕುಹಲ್ಲಿನಿಂದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಜೀವಾಣುವನ್ನು ಬೇರ್ಪಡಿಸಿದನು. ಇದು ಎರಡು ವಿಧದಲ್ಲಿ ಕೇಡು ಮಾಡುವುದು. ಸಕ್ಕರೆಯಿಂದ ಗ್ಲೂಕನ್ ಎಂಬ ಅಂಟನ್ನು ತಯಾರಿಸಿ ಅದರ ಮೂಲಕ ಹಲ್ಲಿಗೆ ಕಚ್ಚಿಕೊಳ್ಳುವುದು ಒಂದು. ಲ್ಯಾಕ್ಟಿಕ್ ಆಮ್ಲವನ್ನು ಹುಟ್ಟಿಸುವುದು ಮತ್ತೊಂದು. ಆಮ್ಲತೆಯನ್ನು ಅಳೆಯುವ ಪಿಎಚ್ ಮಾನವು ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲ್ ಕರಗತೊಡಗುವುದು.

ಇನ್ನು ಪರೀಕ್ಷೆಯ ಕ್ರಮ. ಎಲೆಯನ್ನಾಗಲಿ ತೊಗಟೆಯನ್ನಾಗಲಿ ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ನೀರಿನಲ್ಲಿ ಅಥವಾ ಮದ್ಯಸಾರದಲ್ಲಿ ನೆನೆಯಿಟ್ಟು, ಸೋಸಿ, ದ್ರವವನ್ನು ಆರಿಸಿ ಸಾರವನ್ನು ಪಡೆಯುವರು. ಅಗರ್ ಎಂಬ ಅಂಟಿನಿಂದ ಗಟ್ಟಿಗೊಳಿಸಿದ ಪೋಷಕ ದ್ರವ್ಯವನ್ನು ಗಾಜಿನ ತಟ್ಟೆಯಲ್ಲಿ ಹರಡಿ, ಅದರ ಮೇಲೆ ಜೀವಾಣುಗಳನ್ನು ಸವರಿ, ಸಣ್ಣ ಕುಳಿಗಳನ್ನು ಕೊರೆದು ಸಾರವನ್ನು ತುಂಬುವರು. 37 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಒಂದೆರಡು ದಿನ ಇಟ್ಟರೆ ತಟ್ಟೆಯೆಲ್ಲ ಮಸುಕಾಗುವುದು. ಸಾರವು ಫಲಕಾರಿಯಾಗಿದ್ದಲ್ಲಿ ಕುಳಿಯ ಸುತ್ತ ಮಾತ್ರ ತಿಳಿಯಾದ ಒಂದು ವರ್ತುಲ ಉಳಿಯುವುದು. ಅದರ ವ್ಯಾಸವನ್ನು ಮಿಲಿಮೀಟರುಗಳಲ್ಲಿ ಅಳೆಯುವರು.

ಇಲ್ಲಿ ಎಚ್ಚರಿಕೆ ಅವಶ್ಯಕ. ಮದ್ಯಸಾರವು ತಾನೇ ಜೀವಾಣುನಾಶಕವಾದುದು. ಅದುಕಾರಣ ಮೂಲಿಕೆಯಿಲ್ಲದ ಬರಿಯ ದ್ರಾವಕವನ್ನು ಒಂದು ಕುಳಿಯಲ್ಲಿಯೂ, ಗುಣವು ಈಗಾಗಲೇ ಸಿದ್ಧವಾಗಿರುವ ಕ್ಲೋರ್‌ಹೆಕ್ಸಿಡೀನನ್ನು ಇನ್ನೊಂದರಲ್ಲಿಯೂ ಹಾಕಿ ಹೋಲಿಸಬೇಕು. ಈ ಹೋಲಿಕೆಯಿಲ್ಲದ ಪರೀಕ್ಷೆಗೆ ಬೆಲೆಯಿಲ್ಲ. ವರ್ತುಲವು ದೊಡ್ಡದಾದ ಮಾತ್ರಕ್ಕೆ ಸಾರವು ಪ್ರಬಲವೆಂದೂ ಹೇಳಲಾಗದು. ನೀರಿನಲ್ಲಿ ಸುಲಭವಾಗಿ ಹರಡುವ ವಸ್ತುವು ದೂರ ಸಾಗುವುದು. ಎಣ್ಣೆಯಂತಹುದು ತೀಕ್ಷ್ಣವಾಗಿದ್ದರೂ ಕುಳಿಯ ಬಳಿಯಲ್ಲಿಯೇ ನಿಲ್ಲುವುದು. ಆದ್ದರಿಂದ ಸಾರವನ್ನು ನಳಿಕೆಗಳಲ್ಲಿ ಅರ್ಧರ್ಧವಾಗಿ ತೆಳುಮಾಡುತ್ತ ಹೋಗಿ, ಎಷ್ಟು ಕಡಿಮೆ ಪ್ರಮಾಣದವರೆಗೆ ಜೀವಾಣುಗಳ ಬೆಳವಣಿಗೆ ನಿಂತಿರುವುದೆಂದು ಗೊತ್ತುಮಾಡುವರು. ಆ ನಳಿಕೆಯ ತೊಟ್ಟನ್ನು ಹೊಸ ತಟ್ಟೆಗೆ ಹಾಕಿದಾಗ ಜೀವಾಣುಗಳು ಮತ್ತೆ ಚಿಗುರಿದರೆ, ಅವು ಸತ್ತಿರಲಿಲ್ಲ, ತಡೆಯಲ್ಪಟ್ಟಿದ್ದುವಷ್ಟೆ ಎಂದು ತಿಳಿಯಬೇಕು.

ಇಷ್ಟೆಲ್ಲ ಗೆದ್ದರೂ ತಟ್ಟೆಯು ಬಾಯಿಯಲ್ಲ. ತಟ್ಟೆಯಲ್ಲಿ ಜೀವಾಣುವು ಒಂಟಿಯಾಗಿ, ದಿನವಿಡೀ ಸಾರದ ನಡುವೆ ಇರುವುದು. ಬಾಯಿಯಲ್ಲಾದರೋ ನಾನಾ ಜಾತಿಯ ಜೀವಾಣುಗಳು ಅಂಟಿನ ಕೋಟೆಯೊಳಗೆ ಒಟ್ಟಾಗಿ ವಾಸಿಸುವುವು. ಔಷಧವು ಅದರೊಳಕ್ಕೆ ಕಷ್ಟದಿಂದ ನುಗ್ಗಬೇಕು. ಜೊತೆಗೆ ಜೊಲ್ಲು ಅದನ್ನು ಕೆಲವು ನಿಮಿಷಗಳಲ್ಲಿಯೇ ತೊಳೆದುಬಿಡುವುದು. ಕ್ಲೋರ್‌ಹೆಕ್ಸಿಡೀನಿನ ಹಿರಿಮೆಯೆಲ್ಲ ಅದು ಹಲ್ಲಿಗೂ ಬಾಯಿಯ ಒಳಪೊರೆಗೂ ಹತ್ತಿಕೊಂಡು ನಿಧಾನವಾಗಿ ಬಿಡುಗಡೆಯಾಗುವುದರಲ್ಲಿದೆ. 1970ರಲ್ಲಿ ಲೋ ಮತ್ತು ಶಿಯಟ್ ಎಂಬ ಇಬ್ಬರು ವಿದ್ವಾಂಸರು ಮನುಷ್ಯರ ಬಾಯಿಯಲ್ಲಿಯೇ ಅದರ ಫಲವನ್ನು ತೋರಿಸಿಕೊಟ್ಟರು. ಆದರೆ ಬಹುಕಾಲ ಬಳಸಿದರೆ ಅದು ಹಲ್ಲಿಗೆ ಕಂದುಬಣ್ಣ ಹಿಡಿಸುವುದು; ಮೂಲಿಕೆಗಳ ಶೋಧನೆ ನಿಲ್ಲದಿರಲು ಇದೂ ಒಂದು ಕಾರಣ.

ಆದ್ದರಿಂದ ತಟ್ಟೆಯ ಪರೀಕ್ಷೆಯು ಒಂದು ಜರಡಿ. ನೂರಾರು ಗಿಡಗಳೊಳಗೆ ಮುಂದಿನ ಶೋಧನೆಗೆ ಯೋಗ್ಯವಾದ ಕೆಲವನ್ನು ಅದು ಆರಿಸಿಕೊಡುವುದು. ಬಾಯಿಯಲ್ಲಿ ಫಲವುಂಟೋ, ಅಪಾಯವಿಲ್ಲವೋ ಎಂಬುದನ್ನು ಮನುಷ್ಯರ ಮೇಲಿನ ಪರೀಕ್ಷೆಯೇ ತೀರ್ಮಾನಿಸಬೇಕು. ಕಡ್ಡಿಯ ನಾರು ಪಾಚಿಯನ್ನು ಉಜ್ಜಿ ತೆಗೆಯುವ ಉಪಕಾರವೂ ಅಲ್ಪವಲ್ಲ, ಅದಕ್ಕೆ ಸಾರದ ಹೆಸರಿನ ಹಂಗಿಲ್ಲ. ಡಬ್ಬಿಯ ಮೇಲಿನ ಮಾತನ್ನು ಓದಿದಾಗ, ಇದು ತಟ್ಟೆಯಲ್ಲಿ ಕಂಡುದೋ ಬಾಯಿಯಲ್ಲಿ ಕಂಡುದೋ ಎಂದು ಕೇಳಿಕೊಳ್ಳಿರಿ. ಉತ್ತರ ದೊರೆಯುವವರೆಗೆ ಮಕ್ಕಳಿಗೆ ಸಿಹಿಯನ್ನು ಮಿತಿಯಾಗಿ ಕೊಟ್ಟು, ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ, ಮುಖ್ಯವಾಗಿ ಮಲಗುವ ಮುನ್ನ, ಹಲ್ಲುಜ್ಜಿಸುವುದನ್ನು ಬಿಡದಿರಿ.